ಮುಂದೆ ಕೂತವರಿಗೆ ಇಪ್ಪತ್ತಾಗಿದ್ದು ಯಾವ ವರ್ಷ? ಜಪಾನಿನ ಹಳೇ ಡಿಸ್ಕೋ ಕುಣಿತ ಕಟ್ಟುವ ಬಗೆ

ಡಿಸೆಂಬರ್ ಬಂತೆಂದರೆ ಜಪಾನಿನ ಆಫೀಸುಗಳಲ್ಲಿ ಬೋನೆನ್‌ಕಾಯ್ ಶುರು. ಕಳೆದ ವರ್ಷದ ಕಷ್ಟವನ್ನೆಲ್ಲ ಮರೆಯೋಣ ಎಂದು ಒಟ್ಟಿಗೆ ಕೂತು ಉಂಡು ಕುಡಿಯುವ ಪಾರ್ಟಿ ಅದು. ಊಟದ ನಡುವೆ ಯಾರಾದರೂ ಎದ್ದು ಒಂದು ಹಾಡನ್ನೋ ಕುಣಿತವನ್ನೋ ಮಾಡಿ ತೋರಿಸುತ್ತಾರೆ. ಅದಕ್ಕೆ ಯೊಕ್ಯೊ ಎಂದು ಹೆಸರು. ಮದುವೆ ಮುಗಿದ ಮೇಲೆ ಗೆಳೆಯರು ಇನ್ನೊಂದು ಕಡೆ ಸೇರುವ ನಿಜಿಕಾಯ್‌ನಲ್ಲೂ ಇದು ಇದ್ದದ್ದೇ. ಈ ಸಲ ಏನು ಮಾಡೋಣ ಎಂದು ಮಾತಿಗೆ ಕೂತಾಗ ಒಬ್ಬರಾದರೂ ಹೇಳುತ್ತಾರೆ, "ಹಳೇ ಡಿಸ್ಕೋ ಮಾಡೋಣ!"

ನಾನು ಟೋಕಿಯೊದಲ್ಲಿ ಕೆಲಸಕ್ಕಿದ್ದಾಗ ಮೂರು ಸಲ ಇಂಥ ಕುಣಿತದ ತಯಾರಿಯಲ್ಲಿ ಇದ್ದೆ, ಒಂದು ಸಲ ಕಾಂಜಿಯಾಗಿಯೂ ಇದ್ದೆ. ಕಾಂಜಿ ಅಂದರೆ ಪಾರ್ಟಿಯ ಇಡೀ ಜವಾಬ್ದಾರಿ ಹೊತ್ತವರು. ಬಿಡದಿ, ನರಸಾಪುರದ ಜಪಾನೀ ಕಂಪನಿಗಳಲ್ಲಿರುವ ನಮ್ಮವರು, ಕೆಲಸದ ಮೇಲೆ ನಗೋಯಾಗೋ ಟೋಕಿಯೊಗೋ ಹೋಗಿ ಒಂದೆರಡು ವರ್ಷ ಇರುವವರು ಇದರಲ್ಲಿ ಸಿಕ್ಕಿಕೊಳ್ಳುವುದು ಸಾಮಾನ್ಯ. ಅವರಲ್ಲಿ ಹಲವರು ಮೊದಲು ಮಾಡುವುದು ಏನೆಂದರೆ ಗರಿಯ ಬೀಸಣಿಗೆ, ದೊಡ್ಡ ಗುಂಗುರು ವಿಗ್ಗು, ಮಿನುಗುವ ಅಂಗಿ, ಯಾವುದೋ ಒಂದು ಹಾಡು ಎಲ್ಲವನ್ನೂ ಒಂದೇ ದಿನ ತಂದು ಗುಡ್ಡೆ ಹಾಕುವುದು. ಅಲ್ಲಿಗೆ ಗೊಂದಲ ಶುರು. ಯಾಕೆಂದರೆ ಆ ನಾಲ್ಕು ವಸ್ತುಗಳು ನಾಲ್ಕು ಬೇರೆ ಬೇರೆ ಕಾಲದವು.

ಜಪಾನಿನಲ್ಲಿ "ಡಿಸ್ಕೋ" ಅಂದರೆ ಒಂದೇ ಕಾಲವಲ್ಲ. ಸುಮಾರು ಹದಿನೆಂಟು ವರ್ಷಗಳಲ್ಲಿ ಅದು ಕನಿಷ್ಠ ನಾಲ್ಕು ಸಲ ವೇಷ ಬದಲಿಸಿದೆ. ಪ್ರತಿ ಸಲವೂ ಹಾಡು, ಬಟ್ಟೆ, ಕೂದಲು, ಕೈ ಕಾಲು ಆಡಿಸುವ ರೀತಿ ಎಲ್ಲವೂ ಬದಲಾಗಿವೆ. ಹಾಗಾಗಿ ನಾನು ಯಾರಿಗಾದರೂ ಮೊದಲು ಕೇಳುವ ಪ್ರಶ್ನೆ ಹಾಡಿನ ಬಗ್ಗೆ ಇರುವುದಿಲ್ಲ. ನಿಮ್ಮ ಮುಂದೆ ಕೂತು ನೋಡುವವರಿಗೆ ಇಪ್ಪತ್ತು ವಯಸ್ಸಾಗಿದ್ದು ಯಾವ ವರ್ಷ ಎಂದು ಕೇಳುತ್ತೇನೆ. ಮನುಷ್ಯ ತನ್ನ ಹರೆಯದಲ್ಲಿ ಕೇಳಿದ ಹಾಡಿಗೆ ಏಳುವಷ್ಟು ಸಲೀಸಾಗಿ ಬೇರೆ ಯಾವುದಕ್ಕೂ ಎದ್ದು ನಿಲ್ಲುವುದಿಲ್ಲ. ಆ ಒಂದು ವರ್ಷ ಗೊತ್ತಾದರೆ ಮಿಕ್ಕದ್ದೆಲ್ಲ ಸರಸರನೆ ತೀರ್ಮಾನವಾಗುತ್ತದೆ.

ಈಗ ಆ ನಾಲ್ಕು ಕಾಲಗಳನ್ನು ನೋಡೋಣ.

ಮೊದಲನೆಯದು 1970ರ ದಶಕದ ಕೊನೆ. ಅಮೆರಿಕದ ಡಿಸ್ಕೋ ಸಿನಿಮಾದ ಅಲೆ 1978ರಲ್ಲಿ ಜಪಾನಿಗೆ ಬಂತು, ಊರೂರಲ್ಲಿ ಡಿಸ್ಕೋಗಳು ತೆರೆದವು. ಆದರೆ ಮನೆಮನೆಗೆ ಕುಣಿತ ತಂದದ್ದು ಟೀವಿ. 1976ರಲ್ಲಿ ಬಂದ ಪಿಂಕ್ ಲೇಡಿ ಎಂಬ ಇಬ್ಬರು ಹುಡುಗಿಯರ ಜೋಡಿ ಹಾಡಿಗೊಂದು ಕೈಚಲನೆ ಕೊಟ್ಟಿತು. ಅವರ 1977ರ 'ಯುಎಫ್‌ಒ' ಹಾಡಿನ ಶುರುವಿನಲ್ಲಿ ತಲೆಯ ಹಿಂದಿನಿಂದ ಕೈ ಮೇಲೆತ್ತುವ ಒಂದು ಭಂಗಿ ಇದೆ, ಆಗಿನ ಸ್ಕೂಲ್ ಮಕ್ಕಳೆಲ್ಲ ಅದನ್ನು ಮಾಡುತ್ತಿದ್ದರು. 1979ರಲ್ಲಿ ಸೈಜೊ ಹಿದೆಕಿ 'ಯಂಗ್ ಮ್ಯಾನ್' ಹಾಡಿದರು. ಅಮೆರಿಕದ 'ವೈ.ಎಂ.ಸಿ.ಎ.' ಹಾಡಿನ ಜಪಾನೀ ರೂಪ ಅದು. ಎರಡೂ ಕೈಯಲ್ಲಿ ನಾಲ್ಕು ಅಕ್ಷರ ಮಾಡಿ ತೋರಿಸುವುದು, ಅಷ್ಟೇ. 1960ರ ಆಸುಪಾಸಿನಲ್ಲಿ ಹುಟ್ಟಿದವರು ಪಾರ್ಟಿಯಲ್ಲಿ ಜಾಸ್ತಿ ಇದ್ದರೆ ಇದಕ್ಕಿಂತ ಸುಲಭದ ಆಯ್ಕೆ ಇಲ್ಲ. ಅವರಿಗೆ ಕಲಿಸುವ ಕೆಲಸವೇ ಇರುವುದಿಲ್ಲ.

ಎರಡನೆಯದು ಬೀದಿಯ ಡಿಸ್ಕೋ. 1980ರ ಸುಮಾರಿಗೆ ಟೋಕಿಯೊದ ಹರಾಜುಕುವಿನಲ್ಲಿ ಭಾನುವಾರ ವಾಹನ ನಿಲ್ಲಿಸಿ ಜನರಿಗೆ ಬಿಟ್ಟುಕೊಡುತ್ತಿದ್ದ ರಸ್ತೆಯಲ್ಲಿ ಹದಿಹರೆಯದವರು ಟೇಪ್ ರೆಕಾರ್ಡರ್ ನೆಲಕ್ಕಿಟ್ಟು, ಅದರ ಸುತ್ತ ವೃತ್ತವಾಗಿ ಕುಣಿಯುತ್ತಿದ್ದರು. ಇವರಿಗೆ ತಾಕೆನೊಕೊ-ಜೊಕು ಎಂದು ಹೆಸರು ಬಂತು. ಅಲ್ಲಿನ ತಾಕೆನೊಕೊ ಎಂಬ ಬಟ್ಟೆ ಅಂಗಡಿಯಿಂದ ಬಂದ ಹೆಸರು ಅದು. ಗುಲಾಬಿ, ನೇರಳೆ, ಹಳದಿಯ ದೊಗಳೆ ಬಟ್ಟೆ, ಅಗಲ ತೋಳು, ಕತ್ತಿನ ತುಂಬ ಸರ. ಈಗ ಇದನ್ನು ಯಾರೂ ಅಷ್ಟಾಗಿ ಮಾಡುವುದಿಲ್ಲ. ನನಗೆ ಮಾತ್ರ ಇದು ತುಂಬಾ ಇಷ್ಟ, ಯಾಕೆಂದರೆ ಮೈ ಮುಚ್ಚುವ ಬಟ್ಟೆ, ಎಲ್ಲ ವಯಸ್ಸಿನವರಿಗೂ ಹಾಕಿಕೊಳ್ಳಲು ಮುಜುಗರವಿಲ್ಲ, ಹೆಜ್ಜೆಯೂ ಸರಳ.

ಮೂರನೆಯದು ಬಬಲ್ ಕಾಲ. ಜಪಾನಿನಲ್ಲಿ ಷೇರು ಮತ್ತು ಜಮೀನಿನ ಬೆಲೆ ಹುಚ್ಚಾಪಟ್ಟೆ ಏರಿದ್ದ 1980ರ ದಶಕದ ಕೊನೆಯ ವರ್ಷಗಳಿಗೆ ಆ ಹೆಸರು. 1989ರ ಡಿಸೆಂಬರ್ 29ರಂದು ಟೋಕಿಯೊ ಷೇರುಪೇಟೆಯ ನಿಕ್ಕೇ ಸೂಚ್ಯಂಕ 38,915ಕ್ಕೆ ಮುಟ್ಟಿ ಅಲ್ಲಿಂದ ಕುಸಿಯಿತು. ಆ ಕಾಲದ ಡಿಸ್ಕೋ ಎಂದರೆ ಮಹಾರಾಜ. ಹೌದು, ನಮ್ಮದೇ ಪದ. 1984ರಲ್ಲಿ ಟೋಕಿಯೊದ ಅಜಾಬು-ಜೂಬಾನ್‌ನಲ್ಲಿ ತೆರೆದ ಮಹಾರಾಜ ಹೆಸರಿಗೆ ತಕ್ಕ ಹಾಗೆ ಅರಮನೆಯ ಥರ ಅಲಂಕರಿಸಿದ ಜಾಗ. ಬಾಗಿಲಲ್ಲಿ ಕುರೊಫುಕು, ಅಂದರೆ ಕಪ್ಪು ಸೂಟಿನ ಸಿಬ್ಬಂದಿ ನಿಂತು ಬಟ್ಟೆ ನೋಡಿಯೇ ಒಳಗೆ ಬಿಡುತ್ತಿದ್ದರು. ನಾನು ಭಾರತದವನು ಎಂದು ಗೊತ್ತಾದ ಕೂಡಲೇ ನಮ್ಮ ಆಫೀಸಿನ ಒಬ್ಬ ಹಿರಿಯರು "ಮಹಾರಾಜ!" ಎಂದು ಕಣ್ಣು ಅರಳಿಸಿದ್ದರು. ಮೈಸೂರಿನ ಮಹಾರಾಜರ ಮಾತು ಎಂದುಕೊಂಡು ನಾನು ಅರಮನೆಯ ಕಥೆ ಶುರು ಮಾಡಿದೆ, ಅವರು ತಮ್ಮ ಹರೆಯದ ರಾತ್ರಿಗಳ ಕಥೆ ಶುರು ಮಾಡಿದರು. ಆ ಸಂಜೆ ಅವರು ಹೇಳಿದ್ದರಿಂದಲೇ ನನಗೆ ಈ ವಿಷಯದ ಮೇಲೆ ಅಕ್ಕರೆ ಹುಟ್ಟಿದ್ದು.

ಈ ಕಾಲದ ಹಾಡು ಎಂದರೆ ಒಗಿನೊಮೆ ಯೊಕೊ 1985ರ ನವೆಂಬರ್‌ನಲ್ಲಿ ಹಾಡಿದ 'ಡ್ಯಾನ್ಸಿಂಗ್ ಹೀರೋ'. ಬ್ರಿಟನ್‌ನ ಆ್ಯಂಜಿ ಗೋಲ್ಡ್ ಅದೇ ವರ್ಷ ಹಾಡಿದ್ದ ಒಂದು ಹಾಡಿನ ಜಪಾನೀ ರೂಪ ಇದು. 2017ರಲ್ಲಿ ಒಸಾಕಾ ಪ್ರಾಂತ್ಯದ ಸಕಾಯ್ ಊರಿನ ತೊಮಿಯೊಕಾ ಹೈಸ್ಕೂಲಿನ ಡ್ಯಾನ್ಸ್ ಕ್ಲಬ್ ಹುಡುಗಿಯರು ಈ ಹಾಡಿಗೆ ಭುಜದ ಪ್ಯಾಡಿನ ಕೋಟು ಹಾಕಿ, ಕೂದಲು ಮೇಲೆತ್ತಿ ಕುಣಿದರು. ದೇಶದ ಹೈಸ್ಕೂಲ್ ಡ್ಯಾನ್ಸ್ ಸ್ಪರ್ಧೆಯಲ್ಲಿ ಅವರಿಗೆ ಎರಡನೇ ಸ್ಥಾನ ಬಂತು. ವಿಡಿಯೊ ಮಾತ್ರ ಇಡೀ ದೇಶ ಸುತ್ತಿತು. ಅದಕ್ಕೆ 'ಬಬ್ಲಿ ಡ್ಯಾನ್ಸ್' ಎಂದು ಹೆಸರಾಯಿತು. ಇವತ್ತು ಜಪಾನಿನ ಪಾರ್ಟಿಗಳಲ್ಲಿ "ಹಳೇ ಡಿಸ್ಕೋ" ಎಂದಾಗ ಹೆಚ್ಚಿನವರ ಕಣ್ಣ ಮುಂದೆ ಬರುವುದು ಇದೇ. ಇದರಿಂದ ಒಂದು ಲಾಭವೂ ಆಯಿತು. ಆ ಹಾಡು ಈಗ ಎರಡು ತಲೆಮಾರಿಗೆ ಗೊತ್ತು. 1965ರಲ್ಲಿ ಹುಟ್ಟಿದವರಿಗೆ ತಮ್ಮ ಇಪ್ಪತ್ತನೇ ವಯಸ್ಸಿನ ಹಾಡಾಗಿ, 2000ದಲ್ಲಿ ಹುಟ್ಟಿದವರಿಗೆ ಹೈಸ್ಕೂಲಿನಲ್ಲಿ ಫೋನಿನಲ್ಲಿ ನೋಡಿದ ಹಾಡಾಗಿ.

ನಾಲ್ಕನೆಯದು ಜೂಲಿಯಾನಾ. 1991ರ ಮೇ ತಿಂಗಳಲ್ಲಿ ಟೋಕಿಯೊದ ಶಿಬಾಉರಾದಲ್ಲಿ ತೆರೆದು 1994ರ ಆಗಸ್ಟ್‌ನಲ್ಲಿ ಮುಚ್ಚಿದ ಜೂಲಿಯಾನಾಸ್ ಟೋಕಿಯೊ ಎಂಬ ಡಿಸ್ಕೋ ಅದು. ಮೂರು ವರ್ಷ ಚಿಲ್ಲರೆ ಬದುಕಿದ ಜಾಗ, ಆದರೆ ಅದರ ಚಿತ್ರ ಅಳಿಸಿಹೋಗಿಲ್ಲ. ಓತಾಚಿದಾಯ್ ಎಂಬ ಎತ್ತರದ ಕಟ್ಟೆಯ ಮೇಲೆ ನಿಂತು, ಮೈಗಂಟಿದ ಬೊದಿಕೊನ್ ಬಟ್ಟೆಯಲ್ಲಿ, ಗರಿಯ ಬೀಸಣಿಗೆ ತಿರುಗಿಸುತ್ತಾ ಕುಣಿಯುವ ಹುಡುಗಿಯರು. ಆ ಬೀಸಣಿಗೆಗೆ ಜೂರಿಸೆನ್ ಎನ್ನುತ್ತಾರೆ.

ಇಲ್ಲಿ ಜನ ತಪ್ಪುವ ಒಂದು ಜಾಗ ಇದೆ, ಸ್ವಲ್ಪ ನಿಂತು ಹೇಳುತ್ತೇನೆ. ಗರಿಯ ಬೀಸಣಿಗೆಯನ್ನು ಬಬಲ್ ಕಾಲದ ಗುರುತು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಆದರೆ ಜೂಲಿಯಾನಾ ತೆರೆಯುವ ಹೊತ್ತಿಗೆ ಷೇರು ಬೆಲೆ ಕುಸಿದು ಒಂದು ವರ್ಷದ ಮೇಲಾಗಿತ್ತು. ಅಲ್ಲಿ ಕೇಳುತ್ತಿದ್ದುದೂ 'ಡ್ಯಾನ್ಸಿಂಗ್ ಹೀರೋ' ಥರದ ಹಾಡುಗಳಲ್ಲ, ಬಡಿಯುವ ಟೆಕ್ನೋ. ಅಂದರೆ 'ಡ್ಯಾನ್ಸಿಂಗ್ ಹೀರೋ' ಹಾಡಿಗೆ ಗರಿಯ ಬೀಸಣಿಗೆ ಹಿಡಿದು ಕುಣಿದರೆ ಆರು ವರ್ಷದ ಅಂತರದ ಎರಡು ಕಾಲವನ್ನು ಒಟ್ಟಿಗೆ ಹೊಲಿದಂತೆ. ಮಾಡಬಾರದು ಎಂದು ನಾನು ಹೇಳುವುದಿಲ್ಲ, ಸುಮ್ನೆ ನಗುವ ಪಾರ್ಟಿಯಲ್ಲಿ ಅದು ನಡೆಯುತ್ತದೆ. ಆದರೆ ಆ ಕಾಲವನ್ನು ಬದುಕಿದವರ ಕಣ್ಣಿಗೆ ಅದು ಬೀಳುತ್ತದೆ. ಕಾಲ ಸರಿಯಾಗಿ ಹಿಡಿದಾಗ ಅದೇ ಜನ "ಅಯ್ಯೋ, ಇದು ನಮ್ಮದೇ!" ಎಂದು ಮುಂದಕ್ಕೆ ವಾಲುತ್ತಾರೆ. ಆ ವಾಲುವಿಕೆಗಾಗಿಯೇ ಅಲ್ವಾ ಇಷ್ಟೆಲ್ಲ ಮಾಡುವುದು? ಎರಡೂ ಬೇಕೇ ಬೇಕು ಎನ್ನುವವರಿಗೆ ಒಂದು ದಾರಿ ಇದೆ. ಮೊದಲ ಭಾಗ 1985, ಕೊನೆಯ ಭಾಗ 1992 ಎಂದು ಎರಡು ಹಾಡು ಜೋಡಿಸಿ, ಬೀಸಣಿಗೆಯನ್ನು ಎರಡನೇ ಹಾಡು ಶುರುವಾದ ಮೇಲೆ ಮಾತ್ರ ಹೊರಗೆ ತೆಗೆಯಿರಿ.

ಇನ್ನು ಪಾರಾಪಾರಾ ಎಂಬ ಇನ್ನೊಂದು ಡಿಸ್ಕೋ ಕುಣಿತದ ಬಗ್ಗೆ ಒಂದು ಮಾತು. ಕಾಲು ಎಡ ಬಲ ಮಾತ್ರ ಹೋಗುತ್ತದೆ, ಕುಣಿತವೆಲ್ಲ ಕೈಯಲ್ಲೇ. ಹಾಡು ಯೂರೋಬೀಟ್ ಎಂಬ ವೇಗದ ಡ್ಯಾನ್ಸ್ ಸಂಗೀತ, ಹೆಚ್ಚಿನವು ಇಟಲಿಯಲ್ಲಿ ತಯಾರಾಗಿ ಜಪಾನಿನಲ್ಲಿ ಮಾರಾಟವಾದವು. ಜಾಗ ತೀರಾ ಇಕ್ಕಟ್ಟಾಗಿದ್ದರೆ ಇದನ್ನು ಹಿಡಿಯಿರಿ. ಆದರೆ ವೇಗ ಜಾಸ್ತಿ, ಕೈಚಲನೆ ಒಂದೊಂದು ಹಾಡಿಗೆ ಒಂದೊಂದು. ಕೆಲವೇ ವಾರದಲ್ಲಿ ಕಲಿಯುವುದು ಹೊಸಬರಿಗೆ ಕಷ್ಟ.

ಕಾಲ ಯಾವುದೇ ಆಗಲಿ, ಒಂದು ಸಂಗತಿ ಎಲ್ಲದರಲ್ಲೂ ಇದೆ. ಇದನ್ನು ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಸಿನಿಮಾದಲ್ಲಿ ನೋಡುವ ಅಮೆರಿಕದ ಡಿಸ್ಕೋದಲ್ಲಿ ಒಬ್ಬ ನಡುವೆ ಬಂದು ತನ್ನ ಕೈಚಳಕ ತೋರಿಸುತ್ತಾನೆ, ಮಿಕ್ಕವರು ಸುತ್ತ ನಿಂತು ನೋಡುತ್ತಾರೆ. ಜಪಾನಿನಲ್ಲಿ ಎಲ್ಲರೂ ಒಂದೇ ಹೆಜ್ಜೆಯನ್ನು ಒಟ್ಟಿಗೆ ಹಾಕುವುದೇ ಕುಣಿತದ ಸುಖ. ಹರಾಜುಕುವಿನ ಹುಡುಗರು ವೃತ್ತವಾಗಿ ಅದನ್ನೇ ಮಾಡಿದರು, ಪಾರಾಪಾರಾದಲ್ಲೂ ಅದೇ. ಇದರ ಬೇರು ಬೇಸಿಗೆಯ ಬೊನ್ ಒದೊರಿಯಲ್ಲಿದೆ ಎಂದು ನನಗೆ ಅನಿಸುತ್ತದೆ. ಯಾಗುರಾ ಎಂಬ ಮರದ ಅಟ್ಟಣಿಗೆಯ ಸುತ್ತ ಊರವರೆಲ್ಲ ಸುತ್ತು ಹಾಕುತ್ತಾ ಕುಣಿಯುತ್ತಾರೆ. ಗೊತ್ತಿಲ್ಲದವರು ಮುಂದಿನವರ ಕೈ ನೋಡಿ ಕಲಿಯುತ್ತಾರೆ, ನಮ್ಮ ಊರಿನ ಕೋಲಾಟದಲ್ಲಿ ಹೊಸಬರು ಪಕ್ಕದವರನ್ನು ನೋಡಿ ಕೋಲು ತಟ್ಟುವ ಹಾಗೆ. ಇನ್ನೂ ಚಂದದ ವಿಷಯ ಏನೆಂದರೆ, ಐಚಿ, ಗಿಫು ಕಡೆಯ ಬೊನ್ ಒದೊರಿಗಳಲ್ಲಿ 'ಡ್ಯಾನ್ಸಿಂಗ್ ಹೀರೋ' ಹಾಡಿಗೇ ಜನ ಸುತ್ತು ಕುಣಿಯುವ ರೂಢಿ ಇದೆ, ಆ ಹೈಸ್ಕೂಲ್ ವಿಡಿಯೊ ಬರುವ ಎಷ್ಟೋ ಮೊದಲಿನಿಂದ. ಅಜ್ಜಿಯರು, ಮೊಮ್ಮಕ್ಕಳು, ಯುಕಾತಾ ಎಂಬ ಬೇಸಿಗೆಯ ಹತ್ತಿ ಕಿಮೊನೊ ಉಟ್ಟವರು, ಎಲ್ಲರೂ.

ಹಾಗಾಗಿ ನಿಮ್ಮ ತಂಡದಲ್ಲಿ ಚೆನ್ನಾಗಿ ಕುಣಿಯುವವರು ಒಬ್ಬರೂ ಇಲ್ಲದಿದ್ದರೂ ಚಿಂತೆ ಬೇಡ. ಕಷ್ಟದ ಹೆಜ್ಜೆ ಬೇಕಿಲ್ಲ. ಎಂಟು ಜನ ಒಂದೇ ಕ್ಷಣದಲ್ಲಿ ಕೈ ಎತ್ತಿ, ಒಂದೇ ಕ್ಷಣದಲ್ಲಿ ನಿಲ್ಲಿಸಬೇಕು. ಈ ನಿಲ್ಲಿಸುವ ಭಂಗಿಗೆ ಅಲ್ಲಿನವರು ಕಿಮೆ ಎನ್ನುತ್ತಾರೆ. ತಾಲೀಮಿನ ಅರ್ಧ ಹೊತ್ತನ್ನು ಕಿಮೆಗೇ ಕೊಡಿ ಎಂದು ನಾನು ಹೇಳುವುದು. ನಡುವೆ ಹೆಜ್ಜೆ ತಪ್ಪಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಿಲ್ಲುವಾಗ ಒಬ್ಬರ ಕೈ ಮಾತ್ರ ಆಡುತ್ತಿದ್ದರೆ ಕೋಣೆಯ ಕೊನೆಯವರಿಗೂ ಕಾಣುತ್ತದೆ.

ಹಾಡನ್ನು ಪೂರ್ತಿ ಹಾಕಬೇಡಿ. ಊಟದ ನಡುವಿನ ಕುಣಿತಕ್ಕೆ ಎರಡೂವರೆ ನಿಮಿಷ ಸಾಕು. ನಾಲ್ಕು ನಿಮಿಷವಾದರೆ ಜನ ತಟ್ಟೆಯತ್ತ ತಿರುಗುತ್ತಾರೆ. ಲೆಕ್ಕ ಹೀಗೆ: ಕುಣಿಯುವವರು ಬೀಟುಗಳನ್ನು ಎಂಟೆಂಟಾಗಿ ಎಣಿಸುತ್ತಾರೆ, ಒಂದು ಎಂಟಕ್ಕೆ ಅಲ್ಲಿ ವನ್ ಎಯ್ಟೊ ಎನ್ನುತ್ತಾರೆ. ನಿಮಿಷಕ್ಕೆ 120 ಬೀಟಿನ ಹಾಡಾದರೆ ಒಂದು ಎಂಟು ಮುಗಿಯಲು 4 ಸೆಕೆಂಡು. ಎರಡೂವರೆ ನಿಮಿಷದಲ್ಲಿ 37 ಎಂಟುಗಳು. ಕೇಳಿದರೆ ಹೆದರಿಕೆಯಾಗುತ್ತದೆ, 37 ಹೊಸ ಚಲನೆಗಳನ್ನು ಕಲಿಯಬೇಕೇ ಎಂದು. ಬೇಕಿಲ್ಲ. ಶುರುವಿಗೆ 4, ಮೊದಲ ಚರಣಕ್ಕೆ 8, ಪಲ್ಲವಿಗೆ 8, ನಡುವಿನ ವಾದ್ಯಕ್ಕೆ 4, ಮತ್ತೆ ಪಲ್ಲವಿ 8, ಜನರನ್ನು ಎಬ್ಬಿಸುವ ಕೊನೆಯ ಅರ್ಧ ಪಲ್ಲವಿ 4, ಕೊನೆಯ ಕಿಮೆಗೆ 1. ಪಲ್ಲವಿ ಪ್ರತಿ ಸಲ ಒಂದೇ. ಚರಣದ 8 ಕೂಡ 4 ಕಲಿತು, ಅದನ್ನೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಮಾಡಿದರೆ ಆಯಿತು. ನಿಜವಾಗಿ ಕಲಿಯುವುದು 21 ಮಾತ್ರ. ಮೊದಲ ದಿನವೇ ಇದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕೊಡಿ, ಮುಖದ ಮೇಲಿನ ಭಯ ಅರ್ಧ ಇಳಿಯುತ್ತದೆ.

ಬಬಲ್ ಕಾಲದ ಚಲನೆಗೆ ನಾನು ಕಲಿಸುವ ಮೂಲ ಪಾಠ ಇಷ್ಟು. ಮೊಣಕಾಲು ಸ್ವಲ್ಪ ಬಾಗಿರಲಿ. ಬಲಕ್ಕೆ ಒಂದು ಹೆಜ್ಜೆ ಇಟ್ಟು ಎಡಗಾಲು ಸೇರಿಸಿ, ಎಡಕ್ಕೆ ಇಟ್ಟು ಬಲಗಾಲು ಸೇರಿಸಿ, ಸೇರಿಸುವಾಗ ಚಪ್ಪಾಳೆ. ಇದು ಬಂದ ಮೇಲೆ ಮೊಣಕೈ ಮಡಿಸಿ ಎದೆಯ ಎತ್ತರಕ್ಕೆ ತಂದು ಹಿಂದೆ ಮುಂದೆ ಬೀಸುವುದು. ಆಮೇಲೆ ತಲೆ. ತಲೆಯನ್ನು ಮೆತ್ತಗೆ ತಿರುಗಿಸಿದರೆ ಏನೂ ಕಾಣುವುದಿಲ್ಲ, ಯಾರೋ ಹೆಸರು ಹಿಡಿದು ಕರೆದಾಗ ತಿರುಗುವ ಹಾಗೆ ಚಟ್ಟನೆ ತಿರುಗಿಸಬೇಕು. ಜೂಲಿಯಾನಾದ್ದು ಬೇರೆ. ಕಾಲು ಭುಜದಗಲ ಇಟ್ಟು ಅಲ್ಲೇ ನಿಂತು, ಸೊಂಟ ಎಡ ಬಲ, ಬೀಸಣಿಗೆ ತಲೆಯ ಮೇಲೆ. ಬೀಸಣಿಗೆ ತಿರುಗುವುದು ಮಣಿಕಟ್ಟಿನಿಂದ. ಹೊಸಬರು ಇಡೀ ತೋಳು ತಿರುಗಿಸುತ್ತಾರೆ, ಒಂದು ನಿಮಿಷಕ್ಕೆ ಭುಜ ಸೋತುಹೋಗುತ್ತದೆ.

ತಾಲೀಮಿಗೆ ವಾರಕ್ಕೆ ಒಂದು ಸಲ ಒಂದು ಗಂಟೆ, ಒಟ್ಟು ನಾಲ್ಕು ವಾರ ಇದ್ದರೆ ಚೆನ್ನ. ಮೊದಲ ವಾರ ಪಲ್ಲವಿ ಮಾತ್ರ. ವಿಡಿಯೊ ನೋಡಿ ಕಲಿಯುವಾಗ ಎಡ ಬಲದ ಗೊಂದಲ ಬಂದೇ ಬರುತ್ತದೆ, ಅದಕ್ಕೇ ಜಪಾನಿನಲ್ಲಿ ಕನ್ನಡಿಯಂತೆ ತಿರುಗಿಸಿದ ವಿಡಿಯೊಗಳನ್ನು ಹಂಚುತ್ತಾರೆ. ಅಂಥದ್ದು ಸಿಗದಿದ್ದರೆ ಫೋನಿನಲ್ಲೇ ಎಡ ಬಲ ಅದಲು ಬದಲು ಮಾಡಿ ಎಲ್ಲರಿಗೂ ಒಂದೇ ವಿಡಿಯೊ ಕಳಿಸಿ. ಇಬ್ಬರು ಒಂದು ವಿಡಿಯೊ, ಇಬ್ಬರು ಇನ್ನೊಂದು ನೋಡಿಕೊಂಡು ಬಂದರೆ ಆ ದಿನದ ತಾಲೀಮು ವ್ಯರ್ಥ. ಮೂರನೇ ವಾರದಿಂದ, ಪಾರ್ಟಿಯ ದಿನ ಹಾಕುವ ಬಟ್ಟೆಯಲ್ಲೇ ಕುಣಿಯಿರಿ. ಭುಜದ ಪ್ಯಾಡು ಹಾಕಿದ ಕೋಟಿನಲ್ಲಿ ಕೈ ಎಷ್ಟು ಮೇಲೇಳುತ್ತದೆ ಎಂಬುದು ಹಾಕಿಕೊಂಡಾಗಲೇ ತಿಳಿಯುವುದು.

ಜಾಗದ ವಿಷಯಕ್ಕೆ ಬಂದರೆ, ಬೋನೆನ್‌ಕಾಯ್ ಹೆಚ್ಚಾಗಿ ನಡೆಯುವುದು ಇಜಾಕಾಯಾದ, ಅಂದರೆ ಕುಡಿತದ ಜೊತೆ ಊಟವೂ ಸಿಗುವ ಹೋಟೆಲಿನ, ತತಾಮಿ ಎಂಬ ಚಾಪೆ ಹಾಸಿದ ಕೋಣೆಯಲ್ಲಿ. ಅಳತೆ ಟೇಪು ಬೇಡ, ತತಾಮಿ ಎಣಿಸಿ. ಒಂದು ಚಾಪೆ ಸುಮಾರು 90 ಸೆಂ.ಮೀ. ಅಗಲ, 180 ಸೆಂ.ಮೀ. ಉದ್ದ. ಕುಣಿಯುವವರು ಒಬ್ಬರಿಗೆ ಒಂದು ಚಾಪೆಯಷ್ಟು ಜಾಗ ಕನಿಷ್ಠ ಬೇಕು. ಎಂಟು ಚಾಪೆ ಖಾಲಿ ಸಿಗದಿದ್ದರೆ ಎಂಟು ಜನರನ್ನು ನಿಲ್ಲಿಸಬೇಡಿ, ಐವರು ಸಾಕು. ಹಿಂದಿನ ಸಾಲಿನವರು ಮುಂದಿನವರ ಸಂದಿಯಲ್ಲಿ ಕಾಣುವ ಹಾಗೆ ನಿಲ್ಲಲಿ. ಅಲ್ಲಿ ಶೂ ಹಾಕುವಂತಿಲ್ಲ, ಕಾಲುಚೀಲದಲ್ಲಿ ತತಾಮಿ ಜಾರುತ್ತದೆ. ಅಡಿಯಲ್ಲಿ ರಬ್ಬರ್ ಚುಕ್ಕಿ ಇರುವ ಕಾಲುಚೀಲ ಅಗ್ಗಕ್ಕೆ ಸಿಗುತ್ತದೆ, ಅದನ್ನೇ ತಂದುಕೊಳ್ಳಿ. ಇನ್ನೊಂದು ಮುಖ್ಯ ಮಾತು. ಚಳಿಗಾಲದಲ್ಲಿ ಮೇಜಿನ ಮೇಲೆ ಸಣ್ಣ ಗ್ಯಾಸ್ ಒಲೆ ಇಟ್ಟು ನಾಬೆ ಎಂಬ ಬಿಸಿ ಸಾರಿನ ಅಡುಗೆ ಕುದಿಸುತ್ತಿರುತ್ತಾರೆ. ಗರಿಯ ಬೀಸಣಿಗೆ, ನೈಲಾನ್ ವಿಗ್ಗು, ಅಗಲ ತೋಳಿನ ಬಟ್ಟೆ ಇವು ಮೂರಕ್ಕೂ ಬೆಂಕಿ ಹತ್ತುವುದು ಕ್ಷಣದ ಕೆಲಸ. ಕುಣಿತಕ್ಕೆ ಮೊದಲು ಒಲೆಗಳನ್ನು ಆರಿಸುವಂತೆ ಒಬ್ಬರಿಗೆ ಜವಾಬ್ದಾರಿ ವಹಿಸಿ. ಇದನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ, ಖುದ್ದು ಹೋಗಿ ನೋಡುತ್ತೇನೆ.

ದೀಪದ ಬಗ್ಗೆಯೂ ಅಷ್ಟೇ ಗಂಭೀರವಾಗಿ ಹೇಳಬೇಕು. 1988ರ ಜನವರಿ 5ರಂದು ಟೋಕಿಯೊದ ರೊಪ್ಪೊಂಗಿಯಲ್ಲಿ ತೂರಿಯಾ ಎಂಬ ಡಿಸ್ಕೋದಲ್ಲಿ ಮೇಲೆ ತೂಗುಹಾಕಿದ್ದ ದೀಪದ ಭಾರಿ ಸಲಕರಣೆ ಕುಣಿಯುತ್ತಿದ್ದವರ ಮೇಲೆ ಬಿದ್ದು 3 ಜನ ಸತ್ತರು. ನಾವು ಅಷ್ಟು ದೊಡ್ಡದನ್ನು ಕಟ್ಟುವುದಿಲ್ಲ ನಿಜ. ಆದರೂ ಬಾಡಿಗೆಗೆ ತಂದ ಮಿರರ್ ಬಾಲನ್ನು ಅಂಟುಟೇಪಿನಲ್ಲಿ ಸೀಲಿಂಗಿಗೆ ಕಟ್ಟಿದವರನ್ನು ನೋಡಿದ್ದೇನೆ. ನೆಲದ ಮೇಲೆ ಸ್ಟ್ಯಾಂಡಿನಲ್ಲಿ ಇಟ್ಟು, ಪಕ್ಕದಿಂದ ಒಂದು ಟಾರ್ಚು ಬಿಟ್ಟರೂ ಗೋಡೆಯ ತುಂಬ ಚುಕ್ಕಿ ಓಡುತ್ತವೆ. ಪಟಪಟ ಮಿನುಗುವ ದೀಪ ಬೇಡವೇ ಬೇಡ. 1997ರ ಡಿಸೆಂಬರ್‌ನಲ್ಲಿ ಟೀವಿ ಕಾರ್ಟೂನಿನ ಒಂದು ಮಿನುಗುವ ದೃಶ್ಯ ನೋಡಿ ಜಪಾನಿನಲ್ಲಿ ಆರುನೂರಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ಮಕ್ಕಳು, ಆಸ್ಪತ್ರೆ ಸೇರಿದ್ದರು. ಪಾರ್ಟಿಯಲ್ಲಿ ಯಾರಿಗೆ ಯಾವ ತೊಂದರೆ ಇದೆಯೋ ನಮಗೆ ತಿಳಿದಿರುವುದಿಲ್ಲ.

ಬಟ್ಟೆಗೆ ಹಣ ಸುರಿಯಬೇಕಿಲ್ಲ. ಬಬಲ್ ಕಾಲಕ್ಕೆ ಹಳೇ ಬಟ್ಟೆ ಅಂಗಡಿಯ ದೊಡ್ಡ ಅಳತೆಯ ಕೋಟು, ಭುಜಕ್ಕೆ ಒಳಗಿನಿಂದ ಮಡಿಸಿದ ಟವೆಲ್, ಚಿನ್ನದ ಬಣ್ಣದ ಗುಂಡಿ. ಕೂದಲು ಒಂದೇ ಉದ್ದಕ್ಕೆ ಬಿಟ್ಟಿದ್ದರೆ ಅದು ವಾನ್‌ರೆನ್. ಹಣೆಯ ಮೇಲಿನ ಕೂದಲನ್ನು ಹುಂಜದ ಜುಟ್ಟಿನ ಹಾಗೆ ಮೇಲಕ್ಕೆ ನಿಲ್ಲಿಸಿದರೆ ಇನ್ನೂ ಸರಿ. ಗಂಡಸರಿಗೆ ಎರಡು ಸಾಲು ಗುಂಡಿಯ ಸೂಟು, ಇಲ್ಲವೇ ಭುಜದ ಮೇಲೆ ಹೊದ್ದು ಎದೆಗೆ ಗಂಟು ಹಾಕಿದ ಸ್ವೆಟರ್. ಕೈಯಲ್ಲಿ ಒಂದು ಪೆಟ್ಟಿಗೆಯಂಥ ಫೋನು ಇದ್ದರೆ ಹಿರಿಯರು ನಗುತ್ತಾರೆ. 1985ರಲ್ಲಿ ಜಪಾನಿನಲ್ಲಿ ಬಂದ, ಹೆಗಲಿಗೆ ನೇತುಹಾಕುವ ಫೋನು 3 ಕಿಲೊ ತೂಕ ಇತ್ತು. ರಟ್ಟಿನ ಡಬ್ಬಕ್ಕೆ ಕಪ್ಪು ಬಣ್ಣ ಬಳಿದು, ಒಂದು ಪಟ್ಟಿ ಕಟ್ಟಿದರೆ ತಯಾರು.

ಬೊದಿಕೊನ್ ಬಟ್ಟೆಯ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ. ಯಾರಿಗೂ ಅದನ್ನು ಹಾಕಲು ಹೇಳಬಾರದು. ತಾನಾಗಿ ಹಾಕುತ್ತೇನೆ ಎನ್ನುವವರು ಹಾಕಲಿ. ಕುಣಿಯುವ ವಿಷಯವೂ ಹಾಗೆಯೇ. ಹಿಂದೆ ಜಪಾನಿನ ಆಫೀಸುಗಳಲ್ಲಿ ಹೊಸದಾಗಿ ಸೇರಿದವರು ಯೊಕ್ಯೊ ಮಾಡಲೇಬೇಕು ಎಂಬ ಬರೆಯದ ನಿಯಮವಿತ್ತು. ಕೆಲವು ಕಡೆ ಈಗಲೂ ಇದೆ. ಕೆಲಸದ ಜಾಗದಲ್ಲಿ ಮೇಲಿನವರ ಕಿರುಕುಳ ತಡೆಯುವ ಹೊಣೆ 2020ರ ಜೂನ್‌ನಿಂದ ದೊಡ್ಡ ಕಂಪನಿಗಳ ಮೇಲೆ, 2022ರ ಏಪ್ರಿಲ್‌ನಿಂದ ಸಣ್ಣ ಕಂಪನಿಗಳ ಮೇಲೂ ಕಾನೂನಿನಿಂದ ಬಂದಿದೆ. ಕಾನೂನು ಇರಲಿ ಬಿಡಲಿ, ಇಷ್ಟವಿಲ್ಲದೆ ಕುಣಿಯುವವರ ಮುಖ ನೋಡುವವರಿಗೆ ತಿಳಿದೇ ತಿಳಿಯುತ್ತದೆ. ಹೇಳಲು ಸಂಕೋಚಪಡುವವರೂ ಇರುತ್ತಾರೆ. ಅದಕ್ಕೆ ಎಲ್ಲರ ಮುಂದೆ ಕೇಳದೆ, ಒಬ್ಬೊಬ್ಬರನ್ನೇ ಕೇಳಿ. ಹಾಡು ಹಾಕುವುದು, ವಿಡಿಯೊ ತೆಗೆಯುವುದು, ಬಟ್ಟೆ ಹೊಲಿಯುವುದು ಇವೂ ಕೆಲಸಗಳೇ.

ವಿಡಿಯೊ ಎಂದಾಗ ನೆನಪಾಯಿತು. ಜಪಾನಿನಲ್ಲಿ ಲಾಭವಿಲ್ಲದೆ, ನೋಡುವವರಿಂದ ಹಣ ಪಡೆಯದೆ, ಕುಣಿಯುವವರಿಗೂ ಸಂಭಾವನೆ ಇಲ್ಲದೆ ನಡೆಯುವ ಕಾರ್ಯಕ್ರಮದಲ್ಲಿ ಹಾಡು ಹಾಕಲು ಹಕ್ಕುದಾರರ ಅನುಮತಿ ಬೇಕಿಲ್ಲ. ಅದನ್ನು ಚಿತ್ರೀಕರಿಸಿ ಇಂಟರ್ನೆಟ್ಟಿಗೆ ಹಾಕುವುದು ಬೇರೆಯೇ ಮಾತು. ಮೂಲ ಧ್ವನಿಮುದ್ರಣದ ಹಕ್ಕು ರೆಕಾರ್ಡ್ ಕಂಪನಿಯದ್ದು. ಅದಲ್ಲದೆ ಕುಡಿದು ಕೂತ ಸಹೋದ್ಯೋಗಿಗಳ ಮುಖವೂ ಅದರಲ್ಲಿರುತ್ತದೆ. ವಿಡಿಯೊ ತಂಡದೊಳಗೇ ಇರಲಿ.

ಇನ್ನು ಪಾರ್ಟಿಯ ದಿನ. ಸಾಮಾನ್ಯವಾಗಿ ಎರಡು ಗಂಟೆಯ ಕೋಣೆ ಸಿಗುತ್ತದೆ. ಮೊದಲು ಕಾಂಪಾಯ್, ಅಂದರೆ ಎಲ್ಲರೂ ಒಟ್ಟಿಗೆ ಲೋಟ ಎತ್ತುವುದು, ಆಮೇಲೆ ಊಟ. ನೊಮಿಹೊದಾಯ್, ಅಂದರೆ ಒಂದೇ ಬೆಲೆಗೆ ಬೇಕಾದಷ್ಟು ಕುಡಿಯುವ ವ್ಯವಸ್ಥೆ ಇದ್ದರೆ ಕೊನೆಯ ಅರ್ಧ ಗಂಟೆಗೆ ಮೊದಲು ಕಡೆಯ ಆರ್ಡರ್ ಕೇಳಲು ಬರುತ್ತಾರೆ, ಆಗ ಎಲ್ಲರ ಗಮನ ಆ ಕಡೆ. ಹಾಗಾಗಿ ಶುರುವಾಗಿ ಐವತ್ತು ನಿಮಿಷ, ಒಂದು ಗಂಟೆಯ ಸುಮಾರಿಗೆ ಕುಣಿತ ಇಟ್ಟುಕೊಳ್ಳಿ. ಹೊಟ್ಟೆ ಅರ್ಧ ತುಂಬಿರುತ್ತದೆ, ಮಾತು ಸಡಿಲವಾಗಿರುತ್ತದೆ, ಯಾರೂ ಇನ್ನೂ ತೂಕಡಿಸುತ್ತಿರುವುದಿಲ್ಲ. ಕುಣಿಯುವವರು ಅಲ್ಲಿಯವರೆಗೆ ಕುಡಿಯದಿದ್ದರೆ ಒಳ್ಳೆಯದು.

ಸದ್ದಿನ ಬಗ್ಗೆ ಒಂದು ಅನುಭವ ಹೇಳುತ್ತೇನೆ. ಒಂದು ವರ್ಷ ಜಾಗದವರು ಫೋನಿನಲ್ಲಿ "ಸ್ಪೀಕರ್ ಇದೆ" ಎಂದಿದ್ದರು. ಹೋಗಿ ನೋಡಿದರೆ ಅದು ಪ್ರೊಜೆಕ್ಟರಿನೊಳಗಿನ ಸಣ್ಣ ಸ್ಪೀಕರು. ನಲವತ್ತು ಜನ ಮಾತಾಡುವ ಕೋಣೆಯಲ್ಲಿ ಹಾಡಿನ ಬೀಟೇ ಕೇಳಲಿಲ್ಲ. ನಾಲ್ಕು ವಾರ ಕಷ್ಟಪಟ್ಟಿದ್ದ ಹುಡುಗಿಯೊಬ್ಬಳು ಕಣ್ಣೀರು ಹಾಕಿದಳು. ಆಮೇಲಿನಿಂದ ನಾನು ಸ್ಪೀಕರನ್ನು ನಾನೇ ಹೊತ್ತುಕೊಂಡು ಹೋಗುತ್ತೇನೆ, ಹಾಡನ್ನು ಫೋನಿನಲ್ಲೇ ಇಳಿಸಿಟ್ಟುಕೊಳ್ಳುತ್ತೇನೆ, ಹಾಡು ಹಾಕುವ ಫೋನಿಗೆ ಕರೆ ಬರದ ಹಾಗೆ ಮಾಡುತ್ತೇನೆ, ಜನ ಬರುವ ಮೊದಲು ಅಲ್ಲೇ ಒಮ್ಮೆ ಜೋರಾಗಿ ಹಾಕಿ ಕೇಳುತ್ತೇನೆ.

ಕೊನೆಯ ನಾಲ್ಕು ಎಂಟುಗಳು ಜನರದ್ದು ಎಂದು ಆಗಲೇ ಹೇಳಿದೆ. ಅದನ್ನು ತಾನಾಗಿ ಆಗಲಿ ಎಂದು ಬಿಡಬಾರದು. ಯಾರನ್ನು ಎಬ್ಬಿಸಬೇಕು ಎಂದು ಮೊದಲೇ ನೋಡಿಟ್ಟುಕೊಳ್ಳಿ, ಅವರಿಗೆ ಮೊದಲೇ ಹೇಳಿಯೂ ಇರಿ. ನಮ್ಮಲ್ಲಿ ಮಹಾರಾಜದ ಕಥೆ ಹೇಳಿದ್ದ ಆ ಹಿರಿಯರನ್ನೇ ಕೇಳಿದ್ದೆವು. ಅವರು ಬರುವುದಿಲ್ಲ, ಮೊಣಕಾಲು ನೋವು ಎಂದಿದ್ದರು. ಹಾಡು ಶುರುವಾಗಿ ಎರಡನೇ ಪಲ್ಲವಿಯ ಹೊತ್ತಿಗೆ ಕೋಟು ಬಿಚ್ಚಿ ಪಕ್ಕಕ್ಕಿಟ್ಟು ಎದ್ದು ಬಂದರು. ನಾವು ನಾಲ್ಕು ವಾರ ಕಲಿತದ್ದನ್ನು ಅವರು ಕಲಿತಿರಲಿಲ್ಲ, ಅವರ ಹೆಜ್ಜೆಯೇ ಬೇರೆ, ಇನ್ನೂ ಸಣ್ಣದು, ಇನ್ನೂ ಹಗುರ. ನಾವೆಲ್ಲ ನಮ್ಮದನ್ನು ಬಿಟ್ಟು ಅವರ ಹಿಂದೆ ನಿಂತು ಅವರ ಕಾಲು ನೋಡಿ ಕುಣಿದೆವು.

ಮುಗಿದ ಮೇಲೆ ಕೋಣೆ ಬಿಟ್ಟುಕೊಡಲು ಹತ್ತು ನಿಮಿಷ ಎತ್ತಿಡಿ. ಜೂರಿಸೆನ್ ಬಳಸಿದ್ದರೆ ತತಾಮಿಯ ಸಂದಿಗಳಲ್ಲಿ ಗರಿ ಸಿಕ್ಕಿಕೊಂಡಿರುತ್ತದೆ, ಪೊರಕೆಗೆ ಬರುವುದಿಲ್ಲ. ಕೊರೊಕೊರೊ ಎಂಬ ಅಂಟು ಉರುಳೆ ಸಿಗುತ್ತದೆ, ಎರಡು ತೆಗೆದುಕೊಂಡು ಹೋಗಿ.